ಮೂವರದೂ ಒಂದೇ ಕಬಡ್ಡಿ

ಇವತ್ತು ಕಲಬುರಗಿಯ ಪತ್ರಿಕೆಯೊಂದರಲ್ಲಿ ಕ್ರೀಡಾ ವರದಿಗಾರನ ಹುದ್ದೆಗೆ ಸಂದರ್ಶನ ಕೊಟ್ಟು ಬಂದೆ ಗೆಳೆಯರೇ, ನಗಬೇಡಿ. ಹುದ್ದೆ ಒಂದು, ಬಂದವರು ಮೂವರು: ಶಹಾಬಾದಿನ ನಾನು, ವಾಡಿಯ ಶರಣು, ಸೇಡಂನ ಖಾದರ್. ನಾವು ಬರೆಯುತ್ತಿದ್ದ ಮೂರು ಪತ್ರಿಕೆಗಳೂ ಮುಚ್ಚಿವೆ.

ನಾವು ತಂದಿದ್ದ ‘ಅತ್ಯುತ್ತಮ ವರದಿ’ಗಳನ್ನು ಸಂಪಾದಕರು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರೂ ಚಿತ್ತಾಪುರದ ಕಬಡ್ಡಿ ಫೈನಲ್ಲಿನವು. ಅಕ್ಷರ ಅಕ್ಷರವೂ ಒಂದೇ, ಹೆಸರು ಮಾತ್ರ ಬೇರೆ.

“ಆಟ ನೋಡ್ಲಿಕ್ಕ ಯಾರ್ ಹೋಗಿದ್ರಿ?”

ಸುಳ್ಳು ಹೇಳಲು ಬಾರದ ಖಾದರ್ ಬಾಯಿಬಿಟ್ಟ: “ಯಾರೂ ಹೋಗಿಲ್ರಿ ಸರ. ದಂಡೋತಿ ಸಾಲಿ ಪಿ.ಟಿ. ಮಾಸ್ತರ್ರು ಬರ್ದು ನಮ್ ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ತಾರ್ರಿ. ನಾವು ಹೆಸರು ಹಾಕ್ಕೊಂಡು ಕಳಸ್ತೀವ್ರಿ.”

ಸಂಪಾದಕರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. “ಭಾಳ ಚಂದ ಬರದಾರ. ಮಾಸ್ತರ್ರು ಪುಕ್ಕಟ ಬರದು ಕೊಡ್ತಾರಂದ್ರ ನಮಗ ವರದಿಗಾರ ಯಾಕ ಬೇಕ್ರಿ? ಅವ್ರ ನಂಬರ್ ಕೊಟ್ಟು ಹೋಗ್ರಿ.”

ನಂಬರ್ ಕೊಟ್ಟವನು ನಾನೇ.

ವಾಪಸ್ ಬರುವಾಗ ರೈಲಿನಲ್ಲಿ ಮೂವರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು. ಏನೂ ತಿಳಿಯದ ಮಾಸ್ತರರು ಚಿಂಚೋಳಿಯ ಖೋಖೋ ವರದಿ ಹಾಕಿದ್ದರು. ಕೊನೆಯಲ್ಲಿ ಎಂದಿನಂತೆ, “ನಿಮ್ ನಿಮ್ ಹೆಸರು ಹಾಕ್ಕೊಳ್ರಿ.”

ಹೆಸರೇನೋ ಮೂವರಿಗೂ ಇದೆ ಮಾಸ್ತರೇ, ಹಾಕಿಕೊಳ್ಳಲು ಪೇಪರ್ ಎಲ್ಲಿದೆ?