ಪುಟ್ಟೇಗೌಡರ ಮೋಟರು ನಿರಪರಾಧಿ

"ಪುಟ್ಟೇಗೌಡರ ಮೋಟರು ಓಡಿದರೆ ಕೊಪ್ಪಲಿನ ನೆಟ್ ಹೋಗುತ್ತದೆ." ಕಟ್ಟೆಮಳಲವಾಡಿಯಲ್ಲಿ ಹಾಲು ಹಾಕಲು ಬರುವವರಿಂದ ಹಿಡಿದು ತಂಬಾಕಿನ ಬೇಲು ಹೇರುವವರವರೆಗೆ ಎಲ್ಲರ ಬಾಯಲ್ಲೂ ಈ ಮಾತಿತ್ತು. ಎಲ್ಲರೂ ಒಂದೇ ಮಾತು ಹೇಳಿದರೆ ನನ್ನಲ್ಲಿ ಮೊದಲು ಹುಟ್ಟುವುದು ಗುಮಾನಿ. ಇದು ಗುಣವೋ ಕಾಯಿಲೆಯೋ ಎಂಬ ವಿಷಯದಲ್ಲಿ ನನ್ನ ಹೆಂಡತಿಗೆ ಖಚಿತವಾದ ಅಭಿಪ್ರಾಯವಿದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಸಂಗತಿ ಇಷ್ಟು. ಊರಿನ ಮಹದೇವುವಿನ ಮನೆಗೆ ಇಂಟರ್ನೆಟ್ಟಿನ ತಂತಿ ಬಂದಿದೆ. ಅಲ್ಲಿಂದ ಮುಂದಕ್ಕೆ ಮನೆಗಳ ಮಹಡಿಯ ಮೇಲೆ, ತಂಬಾಕು ಬೇಯಿಸುವ ಬ್ಯಾರನ್ನುಗಳ ನೆತ್ತಿಯ ಮೇಲೆ ಕೂತ ಸಣ್ಣ ಡಬ್ಬಿಗಳು ಅದನ್ನು ಗಾಳಿಯಲ್ಲೇ ಒಂದರಿಂದೊಂದಕ್ಕೆ ದಾಟಿಸುತ್ತ ಮನೆಮನೆಗೆ ಹಂಚುತ್ತವೆ. ಯಾವ ಮನೆಗೆ ಯಾವ ಡಬ್ಬಿಯ ಮೂಲಕ ಹೋಗಬೇಕೆಂದು ದಾರಿ ಗೊತ್ತುಮಾಡುವುದು ಡಬ್ಬಿಯೊಳಗಿನ ಒಂದು ತಂತ್ರಾಂಶ. ಅದು ಯಾರೊಬ್ಬರ ಗುತ್ತಿಗೆಯೂ ಅಲ್ಲ; ಎಲ್ಲೆಲ್ಲಿಯವರೋ ಸೇರಿ ಬರೆದು, ಯಾರು ಬೇಕಾದರೂ ಓದಿ ತಿದ್ದಲೆಂದು ಬಯಲಲ್ಲಿ ಇಟ್ಟದ್ದು. ಹುಣಸೂರಿನಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ನಾನು, ಅಂಗಡಿ ಮುಚ್ಚಿದ ಮೇಲೆ ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕಂಪ್ಯೂಟರಿನ ಸಿ ಭಾಷೆಯನ್ನು ಕಲಿತದ್ದು ಇಂಥವನ್ನು ಓದುವ ಚಪಲದಿಂದಲೇ.

ಊರಾಚೆಯ ಕೊಪ್ಪಲಿಗೆ ಇದ್ದದ್ದು ಒಂದೇ ದಾರಿ: ಹೊಲದ ನಡುವೆ ಪುಟ್ಟೇಗೌಡರ ಪಂಪ್‌ಹೌಸಿನ ಮೇಲಿನ ಡಬ್ಬಿ. ಕೊಪ್ಪಲಿನ ಸವಿತ, ಮೈಸೂರಿನ ಒಂದು ಕಂಪನಿಗೆ ಬರುವ ಕರೆಗಳಿಗೆ ಮನೆಯಲ್ಲೇ ಕೂತು ನೆಟ್ ಮೂಲಕ ಉತ್ತರಿಸುತ್ತಾಳೆ. ಪಂಪುಗಳಿಗೆಂದು ದಿನಕ್ಕೆ ಕೆಲವೇ ಗಂಟೆ ಕೊಡುವ ತ್ರೀ ಫೇಸ್ ಕರೆಂಟು ಬಂದು ಮೋಟರು ಗುಂಯ್ ಎಂದೊಡನೆ ಅವಳ ಕರೆ ಕಡಿದುಹೋಗುತ್ತಿತ್ತು. ಬಹಳ ಹೊತ್ತು ನೆಟ್ ಬರುತ್ತಿರಲಿಲ್ಲ. ಈ ರೋಗ ಊರಿಗೂ ಹರಡೀತೆಂದು ಹೆದರಿದ ಮಹದೇವು, ಭಾನುವಾರ ಆ ಡಬ್ಬಿಯನ್ನೇ ಇಳಿಸಿಬಿಡುವುದೆಂದು ತೀರ್ಮಾನಿಸಿದ.

"ಇದು ಸೈನ್ಸ್ ಕಣಣ್ಣ," ಎಂದ ನನಗೆ. "ಮೋಟ್ರು ಕರೆಂಟ್ ಎಳ್ಕಳವಾಗ ನೆಟ್ಟೂ ಸೇರ್ಸಿ ಎಳ್ಕತದೆ. ಇವತ್ತು ಕೊಪ್ಪಲ್ದು, ನಾಳೆ ನಮ್ಮೂರ್ದು."

"ನನ್ ಮೋಟ್ರು ನೀರ್ ಎಳೆಯೋದ್ ಕಂಡಿವ್ನಿ," ಎಂದರು ಪಕ್ಕದಲ್ಲಿದ್ದ ಪುಟ್ಟೇಗೌಡರು. "ನೆಟ್ ಎಳೆಯೋದ ನೀನೇ ತೋರ್ಸ್ಲಾ."

ಸವಿತಳಿಗೆ ನಮ್ಮ ಚರ್ಚೆ ಬೇಕಿರಲಿಲ್ಲ. "ಡಬ್ಬಿ ಇಳ್ಸುದ್ರೆ ನನ್ ಕೆಲ್ಸ ಹೋಯ್ತದೆ ದೊಡ್ಡಪ್ಪ. ಮಗೀನ ಬುಟ್ಟು ಮೈಸೂರಿಗೋಗಿ ಕೂರಕ್ಕಾದದಾ? ನಿಮ್ ವಾದ ಆಮೇಲ್ ಮಾಡ್ಕಳಿ," ಎಂದಳು ನನಗೆ.

ಭಾನುವಾರ ಪಂಪ್‌ಹೌಸಿನ ಮುಂದೆ ಎಲ್ಲರೂ ಸೇರಿದೆವು. ನೆಟ್ ಇದ್ದರೆ ಕೈಯೆತ್ತಬೇಕು, ಹೋದರೆ ಇಳಿಸಬೇಕೆಂದು ಹೇಳಿ ಸವಿತಳನ್ನು ಕೊಪ್ಪಲಿನ ಬೇಲಿಯ ಬಳಿ ನಿಲ್ಲಿಸಿದ್ದೆ. ಮೋಟರನ್ನು ಆಫ್ ಮಾಡಿ ಆನ್ ಮಾಡಿದೆ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಮೋಟರನ್ನು ನಿಲ್ಲಿಸಿ, ಡಬ್ಬಿಯ ಪ್ಲಗ್ಗನ್ನು ಮಾತ್ರ ಕಿತ್ತು ಮತ್ತೆ ಹಾಕಿದೆ. ಡಬ್ಬಿಯ ದೀಪ ಹೊತ್ತಿಕೊಂಡಿತು, ಆದರೆ ಇಳಿದ ಕೈ ಮೇಲೇಳಲಿಲ್ಲ. ಪುಟ್ಟೇಗೌಡರು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಂಗಾರೆ ಡಬ್ಬೀನೇ ಕೆಟ್ಟೈತೆ," ಎಂದ ಮಹದೇವು. ಊರಿನ ಇನ್ನೊಂದು ಮಹಡಿಯಲ್ಲಿ ಸರಿಯಾಗಿ ನಡೆಯುತ್ತಿದ್ದುದನ್ನು ತಂದು ಹಾಕಿದೆವು. ಅದೂ ಹಾಗೆಯೇ ಮಾಡಿತು. ಕಾರಣ ಹುಡುಕಲು ನನಗೆ ಒಂದು ವಾರದ ಗಡುವು ಸಿಕ್ಕಿತು.

ತ್ರೀ ಫೇಸ್ ಬರುವಾಗ ಹೊಲದ ಲೈನಿನಲ್ಲಿ ಕರೆಂಟು ಒಮ್ಮೆ ಕಣ್ಣು ಮಿಟುಕಿಸುತ್ತದೆ. ಅಷ್ಟಕ್ಕೇ ಡಬ್ಬಿ ಆರಿ ಹೊತ್ತಿಕೊಳ್ಳುತ್ತದೆ. ನಮ್ಮ ರೈತರು ಮೋಟರಿಗೆ ಆಟೋ ಸ್ವಿಚ್ ಹಾಕಿಸಿರುವುದರಿಂದ ಅದೂ ಅದೇ ಗಳಿಗೆಯಲ್ಲಿ ತಾನಾಗಿ ಶುರುವಾಗುತ್ತದೆ. ಡಬ್ಬಿಗೆ ಸದ್ದಿಲ್ಲ, ಮೋಟರಿಗೆ ಇದೆ. ಆದ್ದರಿಂದ ಆರೋಪ ಮೋಟರಿನ ಮೇಲೆ ಬಂತು.

ಆದರೆ ಹೊತ್ತಿಕೊಂಡ ಡಬ್ಬಿಗೆ ನೆರೆಯ ಡಬ್ಬಿ ಏಕೆ ಕಿವಿಗೊಡುವುದಿಲ್ಲ? ತಂತ್ರಾಂಶವನ್ನು ಸಾಲುಸಾಲಾಗಿ ಓದಿದೆ. ಪ್ರತಿ ಡಬ್ಬಿಯೂ ತಾನು ಇದ್ದೇನೆಂದು ಆಗಾಗ ಸುದ್ದಿ ಕಳಿಸುತ್ತದೆ. ಪ್ರತಿ ಸುದ್ದಿಗೂ ಏರುತ್ತ ಹೋಗುವ ಒಂದು ಸಂಖ್ಯೆ. ಹಿಂದಿನದಕ್ಕಿಂತ ಸಣ್ಣ ಸಂಖ್ಯೆ ಬಂದರೆ ಅದು ಹಳಸಲು ಸುದ್ದಿಯೆಂದು ನೆರೆಯದು ಎಸೆದುಬಿಡುತ್ತದೆ. ಆರಿ ಹೊತ್ತಿಕೊಂಡ ಡಬ್ಬಿ ಮತ್ತೆ ಒಂದರಿಂದ ಎಣಿಸತೊಡಗುತ್ತದೆ; ಆ ಎಣಿಕೆ ಹಳೆಯ ಸಂಖ್ಯೆಯನ್ನು ದಾಟುವವರೆಗೂ ಅದರ ಸುದ್ದಿಯೆಲ್ಲ ಹಳಸಲೇ. ಹೊಸದಾಗಿ ಎದ್ದಿರುವ ಗುರುತನ್ನೂ ಅದು ಜೊತೆಗೆ ಕಳಿಸುತ್ತದೆ. ಆ ಗುರುತು ಕಂಡರೆ ಹಳೆಯ ಸಂಖ್ಯೆಯನ್ನು ಮರೆಯಬೇಕೆಂಬ ಒಂದು ಸಾಲು ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಇತ್ತು. ಈಗ ಇರಲಿಲ್ಲ. ಯಾರೋ ಪುಣ್ಯಾತ್ಮರು, ಅನಗತ್ಯವೆಂದು ತೋರಿದ್ದನ್ನೆಲ್ಲ ಗುಡಿಸುವಾಗ ಅದನ್ನೂ ಗುಡಿಸಿದ್ದರು.

ಪಿರಿಯಾಪಟ್ಟಣದ ಕಡೆಯ ಒಂದು ಊರಿನ ವೀರಗಲ್ಲು ನೆನಪಾಯಿತು. ಹುಲಿಯೊಡನೆ ಹೋರಾಡಿ ಸತ್ತವನ ಕಲ್ಲೆಂದು ಊರಿನವರು ಹೇಳುತ್ತಾರೆ. ನಾನು ಹೋಗಿ ನೋಡಿದೆ, ಕೆತ್ತಿದ್ದುದು ಹಸುಗಳು. ತುರು ಕಾಯಲು ಹೋಗಿ ಸತ್ತವನಿರಬೇಕೆಂದು ಕೆಳಗಿನ ಅಕ್ಷರಗಳನ್ನು ಓದಹೊರಟರೆ, ಭಕ್ತಿಯಿಂದ ವರ್ಷವರ್ಷವೂ ಬಳಿದ ಸುಣ್ಣದಡಿ ಅವು ಮುಚ್ಚಿಹೋಗಿದ್ದವು. ಕೇಡು ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಕಲ್ಲು ಚೊಕ್ಕಟವಾಗಿ ಕಾಣಬೇಕಿತ್ತು, ಅಷ್ಟೆ.

ಆ ಸಾಲನ್ನು ಮತ್ತೆ ಸೇರಿಸಿ ನಮ್ಮ ಡಬ್ಬಿಗಳಿಗೆ ಹಾಕಿದೆ. ಮುಂದಿನ ಭಾನುವಾರ ಪ್ಲಗ್ಗು ಕಿತ್ತು ಹಾಕಿದಾಗ ಸವಿತಳ ಕೈ ಇಳಿದು, ನಾವು ಮಾತು ಮುಗಿಸುವಷ್ಟರಲ್ಲಿ ಮತ್ತೆ ಎದ್ದಿತು. ಡಬ್ಬಿ ಅಲ್ಲೇ ಉಳಿಯಿತು. ಆದರೂ ಒಂದು ಭಯವಿತ್ತು: ತಂತ್ರಾಂಶವನ್ನು ನೋಡಿಕೊಳ್ಳುವ ಮೂಲದವರು ಈ ತಿದ್ದುಪಡಿಯನ್ನು ಒಪ್ಪದಿದ್ದರೆ, ಹೊಸ ಆವೃತ್ತಿ ಹಾಕಿದ ದಿನ ಅವಳ ಕೆಲಸಕ್ಕೆ ಮತ್ತೆ ಕುತ್ತು. ಹಾಗಾಗಿ ಅದನ್ನು ಮೂಲದವರಿಗೆ ಕಳಿಸಿದೆ. ಕಳಿಸುವಾಗ ಕೈ ಸುಮ್ಮನಿರಲಿಲ್ಲ. ಓರೆಯಾಗಿದ್ದ ಸಾಲುಗಳನ್ನು ನೇರಮಾಡಿದೆ, ಹಿಡಿಸದ ಹೆಸರುಗಳನ್ನು ಬದಲಿಸಿದೆ, ಅನಗತ್ಯವೆಂದು ನನಗೆ ತೋರಿದ್ದನ್ನು ತೆಗೆದೆ. ಸುಣ್ಣದ ಕುಂಚ ನನ್ನ ಕೈಗೂ ಬಂದಿತ್ತು.

ಮೂಲದವರಲ್ಲಿ ಯಾವುದೋ ದೇಶದ ಒಬ್ಬಾತ ಅದನ್ನು ಹಿಂದಿರುಗಿಸಿದ. ರಿಪೇರಿಯನ್ನೂ ಶುಚಿ ಮಾಡುವುದನ್ನೂ ಬೆರೆಸದೆ ಬೇರೆಬೇರೆಯಾಗಿ ಕಳಿಸಬೇಕು. ಜೊತೆಗೆ, ಇಂಥ ದೋಷ ನಿಜವಾಗಿಯೂ ಇದೆಯೆಂದು ತೋರಿಸುವ ಒಂದು ಪರೀಕ್ಷೆಯನ್ನೂ ಬರೆದು ಕೊಡಬೇಕು, ಎಂದ. ನನ್ನ ಮಾತನ್ನೇ ಅನುಮಾನಿಸುತ್ತಾನಲ್ಲ ಎಂದು ಎರಡು ದಿನ ಊಟ ರುಚಿಸಲಿಲ್ಲ. "ನಿಮ್ಮಂಗೇ ಇನ್ನೊಬ್ರು ಅವ್ರಲ್ಲ, ಸಮಾಧಾನ ಆಯ್ತು ಬುಡಿ," ಎಂದಳು ನನ್ನ ಹೆಂಡತಿ. ಮೂರನೆಯ ದಿನ ಪರೀಕ್ಷೆ ಬರೆಯಲು ಕೂತೆ: ಒಂದು ಡಬ್ಬಿಯನ್ನು ಆರಿಸಿ ಹೊತ್ತಿಸಿ, ನೆರೆಯದು ಅದರ ಮಾತು ಕೇಳುತ್ತದೆಯೇ ಎಂದು ನೋಡುವ ಪುಟ್ಟ ಪರೀಕ್ಷೆ. ಆ ಒಂದು ಸಾಲಿನ ಜೊತೆ ಅದನ್ನಷ್ಟೇ ಕಳಿಸಿದೆ, ಆತ ಒಪ್ಪಿಕೊಂಡ. ಆಮೇಲೆ ಎರಡು ಹೊಸ ಆವೃತ್ತಿಗಳು ಬಂದವು. ಸವಿತ ಕೊಪ್ಪಲಿನಲ್ಲೇ ಕೂತು ಕರೆಗಳಿಗೆ ಉತ್ತರಿಸುತ್ತಿದ್ದಾಳೆ.

ಊರಿನಲ್ಲಿ ಈಗಲೂ ಮೋಟರಿನ ಕಥೆಯೇ ನಡೆಯುತ್ತಿದೆ. ನಾನು ಅದರ ಎಳೆತವನ್ನು ಕಡಿಮೆಮಾಡಿದೆನೆಂದು ಮಹದೇವು ಬಸ್‌ಸ್ಟ್ಯಾಂಡಿನಲ್ಲಿ ಹೊಗಳುತ್ತಾನೆ. ನೀವು ಅವನನ್ನು ನಂಬಬೇಕಿಲ್ಲ, ನನ್ನನ್ನೂ ನಂಬಬೇಕಿಲ್ಲ. ತಂತ್ರಾಂಶದ ಜೊತೆಗೇ ಆ ಪರೀಕ್ಷೆಯೂ ಬಯಲಲ್ಲಿದೆ. ನಿಮ್ಮದೇ ಒಂದು ಪ್ರತಿ ಇಳಿಸಿಕೊಂಡು, ಆ ಒಂದು ಸಾಲನ್ನು ಅಳಿಸಿ, ಪರೀಕ್ಷೆಯನ್ನು ಓಡಿಸಿ ನೋಡಿ. ಸುತ್ತ ಒಂದೇ ಒಂದು ಮೋಟರಿಲ್ಲದ ಊರಿನಲ್ಲೂ ಅದು ಸೋಲುತ್ತದೆ.