ತೆರೆಯದ ಡಬ್ಬಿ

ಅವಳ ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗಿತ್ತು. ಔರಾದಿನ ಓಣಿಗಳಲ್ಲಿ ಊಟದ ಚೀಲ ಹೊತ್ತೂ ಹೊತ್ತೂ ಹಾಗಾಗಿತ್ತು. ಮನೆಯಿಂದ ಹೊರಬರಲಾಗದ ಮುದುಕರಿಗೆ ಸರ್ಕಾರದ ಅನುದಾನದಲ್ಲಿ ಮಧ್ಯಾಹ್ನದ ಊಟ ಮುಟ್ಟಿಸುವುದು ಅವಳ ಕೆಲಸ. ಎಲ್ಲರಿಗೂ ಅವಳು ಡಬ್ಬಿ ಅಕ್ಕ. ತೆರೆದ ಡಬ್ಬಿಯ ಮುಂದೆ ಮುದುಕರು ಕೂತಿರುವ ಫೋಟೋ ಅವಳು ಕಳಿಸಬೇಕು, ಕಚೇರಿಯಲ್ಲಿ ಅದನ್ನು ನೋಡಿ ಮಂಜೂರು ಮಾಡುವವನು ನಾನು. ದಿನವೂ ಬೀದರಿನಿಂದ ಬಸ್ಸಿಗೆ ಬರುತ್ತಿದ್ದೆ. ಬಂದ ಗಳಿಗೆಯಿಂದಲೇ ಹೋಗುವ ಬಸ್ಸಿನ ಚಿಂತೆ. ಕುರ್ಚಿಯಲ್ಲಿ ಕೂತರೂ ಒಂದು ಕಾಲು ಹೊರಗೇ.

ಯಾರು ಉಂಡರು, ಯಾರು ಬಿಟ್ಟರು ಎಂದು ತಿಳಿಯಲು ಅಕ್ಕನಿಗೆ ಫೋಟೋ ಬೇಕಿರಲಿಲ್ಲ. ಮರಳಿ ಬಂದ ಡಬ್ಬಿಯನ್ನು ಕೈಯಲ್ಲೇ ತೂಗಿ, “ಮಾಸ್ತರ ತಾಯಿ ಇವತ್ತ ಅರ್ಧಾ ಉಳಿಸ್ಯಾಳ್ರಿ, ಜ್ವರ ಬಂದಿರಬೇಕು” ಎನ್ನುತ್ತಿದ್ದಳು. ಅಷ್ಟಕ್ಕೇ ಬಿಡದೆ ನರ್ಸಮ್ಮನನ್ನು ಎಳೆದುಕೊಂಡೇ ಹೋಗುತ್ತಿದ್ದಳು.

ಒಂದು ರಂಜಾನಿನಲ್ಲಿ ನಾನು ತಪ್ಪು ಮಾಡಿದೆ. ಕಾಲಿನ ಬಲ ಹೋಗಿ ಮನೆ ಹಿಡಿದಿದ್ದ ದರ್ಜಿ ಚಾಚಾನ ಫೋಟೋದಲ್ಲಿ ನಾಲ್ಕು ದಿನ ಡಬ್ಬಿ ಮುಚ್ಚಿಯೇ ಇತ್ತು. ಬಸ್ಸಿಗೆ ಹೊತ್ತಾಗಿತ್ತು. ‘ಊಟದ ಅಗತ್ಯವಿಲ್ಲ’ ಎಂದು ಬರೆದು, ಪಟ್ಟಿಯಿಂದ ಹೆಸರು ತೆಗೆದು ಓಡಿದೆ.

ಮರುದಿನ ಅಕ್ಕ ಬಾಗಿಲಲ್ಲೇ ಹಿಡಿದಳು. “ಹೆಸರು ಯಾಕ ತಗದ್ರಿ? ಚಾಚಾ ರೋಜಾ ಹಿಡದಾರ್ರಿ, ಡಬ್ಬಿ ಇಟ್ಕೊಂಡು ಸಂಜಿಗಿ ಉಣ್ತಾರ. ಉಪಾಸ ಇದ್ದವರ ಮುಂದ ಮುಚ್ಚಳ ಹ್ಯಾಂಗ ತಗಿಲಿ? ಒಂದ್ ಮಾತು ಕೇಳಾಕ ಏನಾಗಿತ್ರಿ ನಿಮಗ?”

ನಾಚಿಕೆಯಾಗಿ ಆಗಲೇ ಕಾಗದ ಹಿಡಿದು ಕೂತೆ. ಹೆಸರು ಮತ್ತೆ ಸೇರಿಸುವ ಅರ್ಜಿ ಬೀದರಿಗೆ ಹೋಗಿ ಬರಬೇಕು. ಹಬ್ಬದ ತನಕ ಅದು ಬರಲೇ ಇಲ್ಲ. ಅಷ್ಟೂ ದಿನ ಅಕ್ಕ ತನ್ನ ಮನೆಯ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಸಂಜೆ ಮತ್ತೊಮ್ಮೆ ಆ ಓಣಿಗೆ ನಡೆದಳು. ನನಗೆ ಆಮೇಲೆ ಒಂದು ಬಿರುಸು ಮಾತೂ ಆಡಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಈ ವರ್ಷ ರಂಜಾನಿಗೆ ಮೊದಲೇ ಅಕ್ಕ ಎದೆನೋವಿನಿಂದ ತೀರಿಕೊಂಡಳು. ಹೊಸಬರು ಬರುವ ತನಕ ಚಾಚಾನ ಡಬ್ಬಿ ನಾನೇ ಒಯ್ದೆ, ಸಂಜೆಯ ಹೊತ್ತಿಗೆ. ಇಟ್ಟು ಹೊರಡುವವನಿದ್ದೆ.

“ಬೈಠೋ ಬೇಟಾ,” ಅಂದರು ಚಾಚಾ. “ಆಕಿ ಕೂಡ್ತಿದ್ಳು. ಒಬ್ನ ಕುಂತು ರೋಜಾ ಬಿಡಾಕ ಬ್ಯಾಸರಪ್ಪಾ.”

ಕೂತೆ. ಮಸೀದಿಯಲ್ಲಿ ಅಜಾನ್ ಆಯಿತು. ಚಾಚಾ ನನ್ನ ಕೈಗೂ ಒಂದು ಖರ್ಜೂರ ಇಟ್ಟು, ಡಬ್ಬಿ ತೆರೆದರು. ನಿಲ್ದಾಣದ ಕಡೆ ಬೀದರ್ ಬಸ್ಸಿನ ಹಾರನ್ ಕೇಳಿಸಿತು. ನಾನು ಏಳಲಿಲ್ಲ. ಅವರು ಒಂದು ತುತ್ತೂ ಉಳಿಸಲಿಲ್ಲ. ಕಣ್ಣಾರೆ ಕಂಡಿದ್ದರೂ ಖಾಲಿ ಡಬ್ಬಿಯನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದೆ. ಇದನ್ನು ಅಕ್ಕನಿಗೆ ಹೇಳಬೇಕಿತ್ತು.