ಗಟ್ಟಿಮೇಳದಲ್ಲಿ ಆಡಿದ ಮಾತು

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟಿರುತ್ತೇನೋ ಇಲ್ಲವೋ, ಫೋನು ಬಡಿದುಕೊಳ್ಳುತ್ತದೆ. ದಿಂಡಿಗಲ್ಲಿನಿಂದ ನನ್ನ ಅಣ್ಣನ ಮಗ, ವಿಡಿಯೊ ಕಾಲ್. ಅಲ್ಲಿ ಅವನಿಗೆ ಬೀಗದ ಅಂಗಡಿ ಇದೆ, ಅಂಗಡಿ ತೆಗೆಯುವ ಅವಸರವೂ ಇರುತ್ತದೆ. "ಅತ್ತೆ, ಅಮ್ಮ ಎನ್ನಮೋ ಸೊಲ್ಲುದು, ಪಾರುಂಗ" ಎಂದು ತಮಿಳಿನಲ್ಲಿ ಹೇಳಿ ಫೋನನ್ನು ತನ್ನ ತಾಯಿಯ ಮುಖದ ಮುಂದೆ ಹಿಡಿಯುತ್ತಾನೆ. ಅಮ್ಮ ಏನೋ ಹೇಳುತ್ತಿದ್ದಾಳೆ, ನೀವೇ ನೋಡಿ ಎಂದು. ನಾನು ಕನ್ನಡಕ ಹುಡುಕಿ, ಸೆರಗಿನಲ್ಲಿ ಒರೆಸಿ, ಬಾಗಿಲ ಬೆಳಕಿಗೆ ಬಂದು ನಿಂತು ನೋಡಬೇಕು. ಅತ್ತಿಗೆಯ ತುಟಿಗಳು ಆಡುತ್ತವೆ. ಸದ್ದಿಲ್ಲ. ಇಡ್ಲಿಗೆ ಉಪ್ಪಿಲ್ಲ ಅಂತ ಹೇಳ್ತಾಳೆ ಕಣೋ ಎನ್ನುತ್ತೇನೆ. ಅಷ್ಟರಲ್ಲಿ ಇಲ್ಲಿ ಹಾಲು ಉಕ್ಕಿರುತ್ತದೆ.

ಅತ್ತಿಗೆಯ ಗಂಟಲಲ್ಲಿ ಗಡ್ಡೆಯಾಗಿ, ಮದುರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನ ತೂತಿನಿಂದ ಉಸಿರಾಡುತ್ತಾಳೆ, ಅದರ ಮೇಲೊಂದು ತೆಳುಬಟ್ಟೆ. ಬರೆದು ತೋರಿಸಿ ಎಂದರು ಡಾಕ್ಟರು. ಅವಳಿಗೆ ಬರುವುದು ರುಜು ಒಂದೇ. ಅದನ್ನು ಎಷ್ಟು ಸಲ ಬರೆದರೂ ನೀರು ಬೇಕು ಎಂದಾಗುವುದಿಲ್ಲ. ಮಗ, ಸೊಸೆ ಇಬ್ಬರೂ ಒಳ್ಳೆಯವರೇ. ಆದರೆ ಅವಳ ತುಟಿಯ ಮಾತು ಅವರಿಗೆ ಹತ್ತಲಿಲ್ಲ. ನನಗೆ ಹತ್ತುತ್ತದೆ. ಅದೇ ನನ್ನ ಗ್ರಹಚಾರ.

ನಾವಿಬ್ಬರೂ ನೂಲಿನ ಗಿರಣಿಯವರು. ತೇನಿಯ ಹೊರಗೆ, ಈಗ ನಾನಿರುವ ಲೈನ್ ಮನೆಗಳಿಂದ ಕೂಗಳತೆಯಲ್ಲಿತ್ತು ಗಿರಣಿ. ಕಣಿವೆಗೆ ಕರೆಂಟು ಬಂದ ಹೊಸದರಲ್ಲಿ ಹತ್ತಿ ವ್ಯಾಪಾರಿಗಳು ಸೇರಿ ಕಟ್ಟಿದ್ದು ಎಂದು ನಮ್ಮಪ್ಪ ಹೇಳುತ್ತಿದ್ದರು. ಅದಕ್ಕೆ ಮೊದಲು, ತಲೆತಲಾಂತರದಿಂದ ತಮಿಳುನಾಡಿನ ಈ ಕಣಿವೆಯಲ್ಲಿ ನೆಲೆಸಿದ ನಮ್ಮ ಕನ್ನಡದವರಿಗೆ ಹೊಲ ಬಿಟ್ಟರೆ ದನ, ದನ ಬಿಟ್ಟರೆ ಹೊಲ. ಕೊಂಬೈಯಲ್ಲಿ ಅಪ್ಪನಿಗೆ ಇದ್ದ ತುಂಡು ಹೊಲ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋದ ಮೇಲೆ ನಾವು ಗಿರಣಿಯ ಲೈನಿಗೆ ಬಂದೆವು. ಅತ್ತಿಗೆ ಕಾಮಯಗೌಂಡನ್‌ಪಟ್ಟಿಯವಳು. ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಹಿಡಿದು ಬೆಳೆದವಳು. ನಮ್ಮಣ್ಣನನ್ನು ಮದುವೆಯಾಗಿ ಬಂದ ಹೊಸದರಲ್ಲಿ, ಕತ್ತು ಎತ್ತಿಕೊಂಡು ಕೆಲಸ ಮಾಡಿ ಮಾಡಿ ನನಗೆ ಕತ್ತು ಇಳಿಯೋದೇ ಇಲ್ಲ ಎಂದು ನಗುತ್ತಿದ್ದಳು. ಗಿರಣಿ ಅದನ್ನು ಇಳಿಸಿತು.

ಆಗ ಸಂಗು ಊದಿದರೆ ಊರು ಏಳುತ್ತಿತ್ತು. ಗಿರಣಿಯ ಸೈರನ್ನಿಗೆ ಇಲ್ಲಿ ಸಂಗು ಅಂತಲೇ ಹೆಸರು, ಶಂಖ ಎಂದು. ಮೊದಲ ಸಂಗಿಗೆ ಒಲೆ, ಎರಡನೆಯದಕ್ಕೆ ಗೇಟು. ಗಿರಣಿಯ ಕೆಲಸಕ್ಕೂ ತಮಗೂ ಸಂಬಂಧವಿಲ್ಲದ ಮನೆಗಳಲ್ಲಿ ಕೂಡ ಸಂಗು ಕೇಳಿಯೇ ಮಗುವಿಗೆ ಹಾಲೂಡುತ್ತಿದ್ದರು, ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಗೇಟಿನೊಳಗೆ ಹೋದರೆ ಮೂಗಿಗೆ ಹತ್ತಿಯ ದೂಳು, ಕಿವಿಗೆ ಯಂತ್ರದ ಆರ್ಭಟ. ರಿಂಗ್ ಫ್ರೇಮ್ ಎಂಬ ಉದ್ದುದ್ದ ಯಂತ್ರಗಳ ನಡುವಿನ ಓಣಿಯಲ್ಲಿ ನಾನು ಈ ಬದಿ, ಅತ್ತಿಗೆ ಆ ಬದಿ. ಸಾಲಾಗಿ ತಿರುಗುವ ಕದಿರುಗಳಲ್ಲಿ ಎಲ್ಲಿ ಎಳೆ ಹರಿಯಿತೋ ಅಲ್ಲಿಗೆ ಓಡಿ, ಬೆರಳ ತುದಿಯಲ್ಲಿ ಹೊಸೆದು ಸೇರಿಸಬೇಕು. ಇಡೀ ದಿನ ಅದೇ. ಹೋಗೋದು, ಸೇರಿಸೋದು, ಬರೋದು. ಕಾಲು ಸೋತರೆ ಕೂರಲು ಅಲ್ಲಿ ಒಂದು ಮಣೆಯೂ ಇರಲಿಲ್ಲ.

ಆ ಸದ್ದಿನಲ್ಲಿ ಕಿರುಚಿದರೂ ಪಕ್ಕದವಳಿಗೆ ಕೇಳುವುದಿಲ್ಲ. ಹಾಗಾಗಿ ಗಿರಣಿಯ ಹೆಂಗಸರು ಗಂಟಲನ್ನು ಬಿಟ್ಟುಬಿಟ್ಟಿದ್ದರು. ತುಟಿಯನ್ನು ದೊಡ್ಡದಾಗಿ ಆಡಿಸಿ, ಹುಬ್ಬು ಕುಣಿಸಿ, ಅಕ್ಷರ ಅಕ್ಷರ ಬಿಡಿಸಿ ಮಾತು. ಓಣಿಯ ಆ ತುದಿಯಿಂದ ಈ ತುದಿಗೆ ಒಂದು ಮದುವೆಯ ಮಾತುಕತೆಯನ್ನೇ ಮುಗಿಸಬಹುದಿತ್ತು. ತಮಿಳಿನವರು ತಮಿಳಿನಲ್ಲಿ ಆಡುತ್ತಿದ್ದರು. ನಾವು ಮನೆಯ ಕನ್ನಡದಲ್ಲಿ. ಮೇಸ್ತ್ರಿಗೆ ತಮಿಳಿನ ತುಟಿ ಚೆನ್ನಾಗಿ ಓದಲು ಬರುತ್ತಿತ್ತು, ಕನ್ನಡದ್ದು ಬರುತ್ತಿರಲಿಲ್ಲ. ಅವನ ಕಣ್ಣೆದುರೇ ಅವನ ಹೊಟ್ಟೆಯನ್ನೂ ಮೀಸೆಯನ್ನೂ ನಾವು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಗಂಭೀರವಾಗಿ ಏನೋ ನೂಲಿನ ವಿಷಯ ಎಂಬಂತೆ ಮುಖ ಇಟ್ಟುಕೊಂಡು ಅತ್ತಿಗೆ ಬೈಯುತ್ತಿದ್ದ ಬೈಗುಳ ನೆನೆದರೆ ಈಗಲೂ ನಗು ಬರುತ್ತದೆ. ಊಟದ ಹೊತ್ತಿಗೆ ಮಕ್ಕಳೆಲ್ಲ ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದವು. ಒಳಗಿನ ಕಿಟಕಿಯಿಂದಲೇ ತಾಯಂದಿರು ತುಟಿಯಲ್ಲಿ ಹೇಳುವರು: ಸಾರು ಗಡಿಗೆಯಲ್ಲಿದೆ, ತಂಗಿಗೆ ಬಡಿಸು. ಮಕ್ಕಳು ತಲೆಯಾಡಿಸಿ ಓಡುವವು. ಅಣ್ಣನ ಮಗನೂ ಆ ಕಂಬಿ ಹಿಡಿದವನೇ.

ಕೆಲಸ ಬಿಟ್ಟ ಮೇಲೂ ಆ ಚಾಳಿ ಬಿಡಲಿಲ್ಲ. ನಮ್ಮಿಬ್ಬರ ಕಿವಿಯೂ ಅರ್ಧ ಹೋಗಿದ್ದರಿಂದ ಬಿಡಲು ಆಗುತ್ತಲೂ ಇರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ಮಾತಾಡಿದರೆ, ಟೀವಿಯಲ್ಲಿ ಸದ್ದು ತೆಗೆದಿದ್ದರೆ, ನಾವು ಸುಮ್ಮನೆ ತುಟಿ ನೋಡಿ ಕತೆ ತಿಳಿದುಕೊಳ್ಳುತ್ತೇವೆ. ಮೂಗು ತೂರಿಸುವ ಆಸೆಯಲ್ಲ, ಕಣ್ಣಿನ ಅಭ್ಯಾಸ. ನಡುವೆ ಕೆಲವು ವರ್ಷ ನನ್ನ ಗಂಡ ಚಾಮರಾಜನಗರದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡಿದರು. ನಾನು ಕನ್ನಡದ ಅಕ್ಷರ ಕಲಿತದ್ದು ಅಲ್ಲಿ. ಅಲ್ಲಿಯವರಿಗೆ ನನ್ನ ಕನ್ನಡ ವಿಚಿತ್ರ. ಮಾತಾಡುವಾಗ ಬಾಯಿ ಯಾಕೆ ಅಷ್ಟು ಅಗಲ ಮಾಡ್ತೀರಿ ಎಂದು ಒಬ್ಬಾಕೆ ಕೇಳಿದ್ದಳು.

ಗಿರಣಿ ಮುಚ್ಚಿತು. ಹೊಸ ಗಿರಣಿಗಳು ದಿಂಡಿಗಲ್ಲಿನ ದಾರಿಯುದ್ದಕ್ಕೂ ಇವೆ. ಅಲ್ಲಿ ಒಡಿಶಾ, ಬಿಹಾರದ ಹುಡುಗಿಯರು ಹಾಸ್ಟೆಲಿನಲ್ಲಿದ್ದುಕೊಂಡು ಕೆಲಸ ಮಾಡುತ್ತಾರೆ. ಅವರು ತುಟಿಯಲ್ಲಿ ಏನು ಮಾತಾಡಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಗಿರಣಿಯ ದೊಡ್ಡ ಶೆಡ್ಡಿಗೆ ಬಣ್ಣ ಬಳಿದು, ಏಸಿ ಕೂರಿಸಿ, ಕಲ್ಯಾಣಮಂಟಪ ಮಾಡಿದ್ದಾರೆ.

ಈಗ ಆಸ್ಪತ್ರೆಯಲ್ಲಿ ನಡೆದ ಒಂದು ಮಾತಿಗೆ ಬರುತ್ತೇನೆ. ಹೋದ ಮಾರ್ಗಶಿರದಲ್ಲಿ ಅತ್ತಿಗೆಯ ಕತ್ತಿನಲ್ಲಿ ಮತ್ತೆ ಗಂಟು ಕಂಡಿತು. ದಿಂಡಿಗಲ್ಲಿನ ಒಂದು ಆಸ್ಪತ್ರೆಗೆ ನನ್ನನ್ನೂ ಕರೆಸಿಕೊಂಡರು, ಅವಳ ಬಾಯಾಗಿ. ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಕೋಣೆಯ ಹೊರಗೆ ಕರೆದರು. ಗಾಜಿನ ಬಾಗಿಲು ಎಳೆದರು. ಒಳಗೆ ಅತ್ತಿಗೆ ಮಂಚದ ಮೇಲೆ, ಹೊರಗೆ ನಾವು. ಡಾಕ್ಟರು ಗಾಜಿನ ಕಡೆ ಮುಖ ಮಾಡಿದ್ದರು. ನಾನೂ ಅಣ್ಣನ ಮಗನೂ ಅವರ ಎದುರು, ಗಾಜಿಗೆ ಬೆನ್ನು ಹಾಕಿ. ತಗ್ಗಿದ ದನಿಯಲ್ಲಿ ಅವರು ಹೇಳಿದ್ದು ಇಷ್ಟು: ಮತ್ತೆ ಬಂದಿದೆ, ಇನ್ನು ಗುಣವಾಗುವುದಿಲ್ಲ, ಮದುರೆಗೆ ಕರೆದುಕೊಂಡು ಹೋಗಿ ಇನ್ನೊಂದು ಸುತ್ತು ಕರೆಂಟು ಕೊಡಿಸಿದರೆ ಸ್ವಲ್ಪ ದಿನ ಮುಂದೆ ಹೋಗಬಹುದು. ಕರೆಂಟು ಎಂದರೆ ಕಿರಣದ ಚಿಕಿತ್ಸೆ, ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಾರೆ. ಮೊದಲ ಸಲ ಕೊಟ್ಟಾಗ ಅವಳ ಕತ್ತು ಸುಟ್ಟ ಬದನೆಕಾಯಿಯ ಹಾಗೆ ಸುಕ್ಕಿ ಕಪ್ಪಾಗಿತ್ತು. ಗಂಜಿ ನುಂಗಲಾರದೆ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದಳು.

ಅಣ್ಣನ ಮಗ ಅಲ್ಲೇ ಅತ್ತುಬಿಟ್ಟ. ಅಮ್ಮನಿಗೆ ತಿಳೀಬಾರದು ಅತ್ತೆ, ಅದು ಬರೀ ಹಳೆಯ ಗಾಯದ ಗಂಟು ಅಂತ ಹೇಳಿ ಎಂದ. ನಾವು ಕಣ್ಣೊರೆಸಿಕೊಂಡು, ನಗುಮುಖ ಮಾಡಿಕೊಂಡು ಒಳಗೆ ಹೋದೆವು. ನಾನು ಹಾಗೇ ಹೇಳಿದೆ. ಅತ್ತಿಗೆ ನನ್ನ ಬಾಯನ್ನೇ ನೋಡಿ, ಸರಿ ಎಂದು ತಲೆಯಾಡಿಸಿದಳು.

ಸುಳ್ಳನ್ನು ಗಂಟಲಿನಲ್ಲಿ ಹೇಳುವುದು ಸುಲಭ, ತುಟಿಯಲ್ಲಿ ಹೇಳುವುದು ಕಷ್ಟ. ಒಂದೊಂದು ಅಕ್ಷರವನ್ನೂ ಅಗಲಿಸಿ, ಎದುರಿನವರ ಕಣ್ಣಿಗೆ ಹಿಡಿದು ತೋರಿಸಬೇಕಾಗುತ್ತದೆ. ದಿನವೂ ಫೋನಿನಲ್ಲಿ ಅದೇ ಕೆಲಸ. ಗಂಟು ಕರಗ್ತದೆ ಅತ್ತಿಗೆ. ಮದುರೆಗೆ ಹೋಗಿ ಬಂದ್ರೆ ಸರಿಯಾಗ್ತದೆ ಅತ್ತಿಗೆ. ಫೋನು ಇಟ್ಟ ಮೇಲೆ ನನಗೆ ಮೈಯೆಲ್ಲ ಎರಡು ಪಾಳಿ ದುಡಿದ ಹಾಗೆ ಆಗುತ್ತಿತ್ತು. ಕೆಲವು ದಿನ ಫೋನು ಬಡಿದುಕೊಂಡರೂ ಬಟ್ಟೆ ಒಗೆಯುತ್ತಿದ್ದೇನೆ ಎಂದುಕೊಂಡು ಸುಮ್ಮನಿರುತ್ತಿದ್ದೆ. ನನ್ನ ಕಣ್ಣಿಗೂ ಪೊರೆ ಬಂದಿದೆ, ಆಪರೇಷನ್ನಿಗೆ ದಿನ ನೋಡುತ್ತಿದ್ದೇನೆ. ತಾಯಿ ಮಗನ ನಡುವೆ ನಿಂತು ನಿಂತು ನಾನು ಬೇಸತ್ತಿದ್ದೆ.

ಹೀಗಿರುವಾಗ ತೈ ತಿಂಗಳಲ್ಲಿ, ಸಂಕ್ರಾಂತಿಯಾದ ಮೇಲೆ, ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ ಬಂತು. ಅದೂ ಆ ಮಂಟಪದಲ್ಲೇ. ಅಣ್ಣನ ಮಗ ತಾಯಿಯನ್ನು ಕಾರಿನಲ್ಲಿ ಕರೆತಂದ. ಮದುವೆ ಮುಗಿಸಿಕೊಂಡು, ಬರುವ ಸೋಮವಾರ ಮದುರೆಗೆ ಹೋಗುವುದೆಂದು ಎಲ್ಲ ಗೊತ್ತುಮಾಡಿದ್ದ. ಅತ್ತಿಗೆ ಹಸಿರು ಸೀರೆ ಉಟ್ಟು, ಕತ್ತಿನ ಬಟ್ಟೆಯನ್ನೂ ಅದೇ ಬಣ್ಣದ್ದು ಮಾಡಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ಒಮ್ಮೆ ಮೇಲೆ ನೋಡಿದಳು. ಸೀಲಿಂಗಿಗೆ ಬಟ್ಟೆ ಬಿಗಿದಿದ್ದರು. ಆದರೆ ಕಂಬಗಳು ಅವೇ. ನಮ್ಮ ಓಣಿ ಇದ್ದ ಜಾಗದಲ್ಲೇ ಕುರ್ಚಿ ಹುಡುಕಿ ಕೂತಳು.

ಒಳಗೆ ದೊಡ್ಡ ಸ್ಪೀಕರಿನಲ್ಲಿ ಹಾಡು, ಅದರ ಮೇಲೆ ನಾದಸ್ವರ. ಎಲ್ಲರೂ ಕಿವಿಗೆ ಬಾಯಿಟ್ಟು ಕಿರುಚುತ್ತಿದ್ದರು. ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಆರಾಮಾಗಿ ಮಾತಾಡುತ್ತಿದ್ದವರು ನಾವಿಬ್ಬರೇ. ಮೊದಲು ಎಂದಿನಂತೆ ಹುಡುಗನ ಅತ್ತೆಯ ಒಡವೆ, ಅಡಿಗೆಯವನ ಮೀಸೆ ಎಲ್ಲ ಆಯಿತು. ನಕ್ಕೆವು. ಆಮೇಲೆ ಅತ್ತಿಗೆ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಅಮ್ಮಣಿ, ಸೋಮವಾರ ನಾನು ಮದುರೆಗೆ ಹೋಗಾಕಿಲ್ಲ. ಅವನಿಗೆ ನೀನು ಹೇಳು."

"ಯಾಕತ್ತಿಗೆ? ಹೋಗಿ ಬಂದ್ರೆ ಗಂಟು ಕರಗ್ತದೆ."

"ಸಾಕು ಬಿಡು. ಅವತ್ತು ಗಾಜಿನಾಗೆ ಡಾಕ್ಟ್ರ ಬಾಯಿ ನೋಡ್ದೆ."

ಗಿರಣಿಯಲ್ಲಿ ಸವೆದ ಹೆಂಗಸಿನ ಎದುರು ಗಾಜಿನ ಬಾಗಿಲು ಹಾಕಿ ಗುಟ್ಟು ಮಾತಾಡಿದ್ದೆವು ನಾವು. ಡಾಕ್ಟರಿಗೆ ತಿಳಿಯದು, ಸರಿ. ಅಣ್ಣನ ಮಗನಿಗೆ ಮರೆತಿತ್ತು ಎನ್ನೋಣ. ನಾನೂ ಅದೇ ಓಣಿಯವಳು, ನನಗೂ ಹೊಳೆಯಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಬಾಯಗಲಿಸಿ ಹೇಳಿದ ಸುಳ್ಳನ್ನೆಲ್ಲ ಅವಳು ಸರಿ ಸರಿ ಎಂದು ಕೇಳಿಸಿಕೊಂಡಿದ್ದಳು. ನಮಗೆ ನೋವಾಗಬಾರದೆಂದು.

"ಹೇಳು ಅವನಿಗೆ. ನನ್ ಬಾಯಿ ನೀನೇ ಅಲ್ವಾ."

"ನಂಗೆ ಸಾಕಾಗ್ಯದೆ ಅತ್ತಿಗೆ" ಎಂದೆ. ಮನಸ್ಸಿನಲ್ಲಿದ್ದದ್ದು ಹಾಗೇ ಬಂದುಬಿಟ್ಟಿತು. "ಈ ಮಾತು ನನ್ ಬಾಯಾಗೆ ಬರಾಕಿಲ್ಲ. ನೀನೇ ಹೇಳು."

"ಅವನು ನನ್ ಮುಖ ನೋಡಾಕಿಲ್ವಲ್ಲ. ನಿನ್ ಮುಖ ನೋಡ್ತಾನೆ."

ಅದು ನಿಜ. ಇಷ್ಟು ದಿನ ತಾಯಿ ತುಟಿ ಆಡಿಸುವಾಗೆಲ್ಲ ಅವನು ನೋಡುತ್ತಿದ್ದದ್ದು ನನ್ನನ್ನು. ಫೋನಿನಲ್ಲೂ ಅಷ್ಟೇ, ಎದುರಿಗಿದ್ದರೂ ಅಷ್ಟೇ. ಅವಳ ಮುಖ ನೋಡಿದರೆ ಅಳು ಬರುತ್ತದೆಂಬ ಭಯವಿರಬಹುದು.

ಅಷ್ಟರಲ್ಲಿ ಮುಹೂರ್ತವಾಯಿತು. ಎಲ್ಲರೂ ಎದ್ದರು. ಅಣ್ಣನ ಮಗ ಅಕ್ಷತೆ ಹಿಡಿದುಕೊಂಡು ನಮ್ಮ ಬಳಿ ಬಂದು ನಿಂತ. ತಾಳಿ ಎತ್ತುತ್ತಲೇ ಯಾರೋ ಕೈಬೀಸಿದರು, ಗಟ್ಟಿಮೇಳ ಶುರುವಾಯಿತು. ಡೋಲಿನ ಏಟಿಗೆ ತಗಡಿನ ಸೂರು ಹಿಂದಿನಂತೆಯೇ ನಡುಗಿತು. ತಾಳಿ ಕಟ್ಟುವ ಹೊತ್ತಿನಲ್ಲಿ ಸೀನು, ಅಳು, ಕೆಟ್ಟ ಮಾತು ಯಾರ ಕಿವಿಗೂ ಬೀಳಬಾರದು, ಅದಕ್ಕೇ ಆ ಮೇಳ. ಅತ್ತಿಗೆ ಕಾದಿದ್ದದ್ದು ಅದಕ್ಕೇ ಎಂದು ನನಗೆ ಆಗ ತಿಳಿಯಿತು. ಸಾವಿನ ಮಾತನ್ನು ಅವಳು ಸದ್ದಿಲ್ಲದೆ ಆಡಿದರೂ ಮಗ ಅಳದಿರುತ್ತಾನೆಯೇ, ಆ ಅಳುವನ್ನು ಮದುವೆಮನೆಯಲ್ಲಿ ಯಾರ ಕಿವಿಗೂ ಬೀಳಿಸುವ ಮನಸ್ಸು ಅವಳಿಗಿರಲಿಲ್ಲ. ಮಗನ ತೋಳು ಹಿಡಿದಳು. ತುಟಿ ಆಡಿಸಿದಳು. ಅವನು ಅಭ್ಯಾಸದಂತೆ ನನ್ನ ಕಡೆ ತಿರುಗಿ, ಅಮ್ಮ ಏನಂತಾಳೆ ಎಂದ. ಸದ್ದು ಕೇಳಲಿಲ್ಲ, ತುಟಿ ಕಂಡಿತು.

ನಾನು ಎಳೆ ಸೇರಿಸುತ್ತಿದ್ದ ಬೆರಳುಗಳಿಂದಲೇ ಅವನ ಗದ್ದ ಹಿಡಿದು ತಾಯಿಯ ಕಡೆಗೆ ತಿರುಗಿಸಿದೆ.

ಅತ್ತಿಗೆ ನಿಧಾನವಾಗಿ, ಗೇಟಿನಾಚೆಯ ಮಗುವಿಗೆ ಹೇಳುವಷ್ಟು ಅಗಲಿಸಿ ಹೇಳಿದಳು. "ಮದುರೆ ಬೇಡ ಸಾಮಿ. ನಂಗೆ ಗೊತ್ತು. ಮನೇಲಿರ್ತೀನಿ."

ಅವನು ನೋಡಿದ. ಮೊದಲು ಏನೂ ತಿಳಿಯದವನಂತೆ ನೋಡಿದ. ಅವಳು ಮತ್ತೆ ಅದನ್ನೇ ಹೇಳಿದಳು. ಅವನ ತುಟಿಯೂ ತಾನಾಗಿ ಅವಳ ತುಟಿಯ ಹಿಂದೆ ಹಿಂದೆ ಆಡಿತು. ಬೇಡ. ಗೊತ್ತು. ಮನೆ. ಕೈಯಲ್ಲಿದ್ದ ಅಕ್ಷತೆ ಅಲ್ಲೇ ಉದುರಿತು. ತಾಯಿಯ ಭುಜಕ್ಕೆ ಹಣೆಯಿಟ್ಟು ಅವನು ಅತ್ತ. ಬಾಯಿ ತೆರೆದು ಜೋರಾಗಿಯೇ ಅತ್ತಿರಬೇಕು, ನನಗೆ ಕಂಡದ್ದು ಅವನ ಬೆನ್ನು ಮಾತ್ರ. ಮೇಳ ಆ ಸದ್ದನ್ನೂ ನುಂಗಿಕೊಂಡಿತು.

ಆಮೇಲೆ ಮುಖವೆತ್ತಿ ತಾಯಿಯನ್ನೇ ನೋಡುತ್ತ, ಬಾಯಗಲಿಸಿ, ಸರಿಮ್ಮಾ ಎಂದ. ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನಾನು ಕನ್ನಡಕ ತೆಗೆದು ಸೆರಗಿನಲ್ಲಿಟ್ಟುಕೊಂಡೆ.